ಹಿಟ್ಟಿಲ್ಲದ ರೊಟ್ಟಿಯ ಸಪ್ಪಳ

ಭಾನುವಾರ, ಬೀರಪ್ಪನ ದಿನ. ಸೋಲಾಪುರ ಸೀಮೆಯ ಬೋರಾಮಣಿಯಾಚೆ ಹುಲ್ಲುಮಾಳದ ಅಂಚಿಗಿರುವ ಕುರುಬರ ವಸ್ತಿಯಲ್ಲಿ ಮನೆಮನೆಯಿಂದ ರೊಟ್ಟಿ ಬಡಿಯುವ ಸಪ್ಪಳ ಏಳುತ್ತಿತ್ತು. ಅಮೋಗಸಿದ್ಧಜ್ಜನ ಮನೆಯಿಂದಲೂ ಏಳುತ್ತಿತ್ತು. ಆದರೆ ಆ ಮನೆಯಲ್ಲಿ ಹಿಟ್ಟಿರಲಿಲ್ಲ.

ಸೊಸೆ ಗುರುಬಾಯಿ ಒಲೆ ಮುಂದೆ ಕೂತು, ಅಂಗೈಯನ್ನು ನೀರಿನಲ್ಲಿ ಅದ್ದಿ, ಹಿಟ್ಟು ನಾದುವ ತಗಡಿನ ಪರಾತವನ್ನೇ ಬರಿದಾಗಿ ಬಡಿಯುತ್ತಿದ್ದಳು. ನಡುವೆ ತುಸು ನಿಲ್ಲಿಸುವಳು, ರೊಟ್ಟಿಯನ್ನು ಹಂಚಿಗೆ ಹಾಕಿದವಳ ಹಾಗೆ. ಮತ್ತೆ ಬಡಿಯುವಳು. ಒಲೆಯಲ್ಲಿ ಒಂದಿಷ್ಟು ತೊಗರಿಕಟ್ಟಿಗೆ ಉರಿಯುತ್ತಿತ್ತು, ಹೊಗೆ ಹೊರಗೆ ಕಾಣಲೆಂದು.

ಅಜ್ಜ ಮನೆಯ ಮಗ್ಗುಲಿನ ಗುಡಿಕಟ್ಟೆಯ ಮೇಲೆ ಕೂತು ಕೇಳುತ್ತಿದ್ದ. ಹಿಟ್ಟಿದ್ದರೆ ಸಪ್ಪಳ ಮೆತ್ತಗಿರುತ್ತದೆ. ಇಲ್ಲದಿದ್ದರೆ ತಗಡು ತಗಡಿನ ಹಾಗೆಯೇ ಕೂಗುತ್ತದೆ. ಈ ಭೇದ ತನ್ನೊಬ್ಬನಿಗೆ ಗೊತ್ತು, ವಸ್ತಿಯಲ್ಲಿ ಇನ್ನಾರಿಗೂ ಗೊತ್ತಿಲ್ಲ ಎಂದು ಅವನ ನಂಬಿಕೆ.

ಅಮೋಗಸಿದ್ಧ ಬೀರಪ್ಪನ ಪೂಜಾರಿ. ಕೂಸು ಹುಟ್ಟಲಿ, ಕುರಿ ಈಯಲಿ, ಹೊಸ ಮೋಟಾರ್‌ಸೈಕಲ್ ಬರಲಿ, ಮೊದಲು ಅವನ ಚೀಲದ ಭಂಡಾರ ಬೀಳಬೇಕು. ಭಂಡಾರವೆಂದರೆ ದೇವರ ಅರಿಶಿಣ. ಅವನ ಕೈ ಮೇಲೆ, ಮಂದಿಯ ಹಣೆ ಕೆಳಗೆ. ಹುಟ್ಟಿದಾಗಿನಿಂದ ಅವನು ನೋಡಿದ್ದು ಅದೊಂದೇ ಅಳತೆ. ಹಿಂದಿನ ಮಳೆಗಾಲದಲ್ಲಿ ಕುರಿಗಳಿಗೆ ನೀಲಿ ನಾಲಿಗೆ ರೋಗ ಬಂದು ಅವನ ಹಟ್ಟಿಯನ್ನು ಗುಡಿಸಿಕೊಂಡು ಹೋಯಿತು. ಮಗ ಧನರಾಜ ಲಾತೂರಿನ ಕಡೆ ಇನ್ನೊಬ್ಬರ ಕುರಿಗಳ ಹಿಂದೆ ಪಗಾರಕ್ಕೆ ಹೋದ. ರೇಷನ್ನಿನ ಅಕ್ಕಿ ತಿಂಗಳ ನಡುವೆಯೇ ತಳ ಕಾಣುತ್ತಿತ್ತು. ಆದರೂ ಅಜ್ಜನ ಕೈ ಮೇಲೆಯೇ ಇತ್ತು.

ನಾಳೆ ಸೋಮವಾರ. ಸೋಲಾಪುರದಿಂದ ದೂರದ ಬೀಗತಿ ಪಾರ್ವತಿಬಾಯಿ ಬಂದು ಮೊಮ್ಮಗಳು ಸಪ್ನಾಳನ್ನು ಕರೆದುಕೊಂಡು ಹೋಗುವವಳಿದ್ದಳು. ಪಾರ್ವತಿಬಾಯಿಯ ಮಗಳ ಕೂಸನ್ನು ಆಡಿಸಲು ಒಬ್ಬರು ಬೇಕಿತ್ತು. ಊಟ, ಅರಿವೆ ಅವರದು. ಸಪ್ನಾ ಏಳನೆಯದು ಮುಗಿಸಿದ್ದಳು, ಎಂಟನೆಯದಕ್ಕೆ ಬೋರಾಮಣಿಯ ಹೈಸ್ಕೂಲಿಗೆ ಹೋಗಬೇಕಿತ್ತು. ಮನೆಯಲ್ಲಿ ಒಂದು ಬಾಯಿ ಕಡಿಮೆಯಾಗುತ್ತದೆ ಎಂದು ಅಜ್ಜ ಒಪ್ಪಿದ್ದ. ವಸ್ತಿಗೆ ಮಾತ್ರ ಬೇರೆಯೇ ಹೇಳಿದ್ದ. ಮೊಮ್ಮಗಳು ಸೋಲಾಪುರದ ದೊಡ್ಡ ಸಾಲಿಗೆ ಹೊಂಟಾಳ ಅಂತ.

ಸ್ಕೂಟಿ ಬಂದು ಗುಡಿಯ ಮುಂದೆ ನಿಂತಿತು. ಬಚತ್ ಗಟದ, ಅಂದರೆ ಹೆಂಗಸರ ಉಳಿತಾಯ ಗುಂಪಿನ, ಕೆಲಸ ನೋಡುವ ವಳಸಂಗದ ಸುವರ್ಣಾ ಇಳಿದು ಬಂದು ತಲೆ ಬಾಗಿಸಿದಳು.

"ಭಂಡಾರ ಹಚ್ರಿ ಅಜ್ಜಾ."

"ಬಾರವ್ವಾ. ಇವತ್ತ ಏನು ತಂದಿ? ಸಂಡಾಸೋ, ಸೂಜಿಯೋ, ಮತದಾನೋ?"

"ಇವತ್ತ ನಾ ಏನೂ ತಂದಿಲ್ಲ. ನೀವs ಕೊಡಬೇಕು."

"ನಮ್ಮ ಹಂತೇಲಿ ಏನದ ಕೊಡಾಕ? ಹುಲ್ಲದ, ಗಾಳಿ ಅದ. ಗಾಳಿ ಬೇಕಾದ್ರ ಡಿಕ್ಕಿ ತುಂಬ ಒಯ್ಯಿ."

ಸುವರ್ಣಾ ನಕ್ಕು ಕಟ್ಟೆಯ ಕೆಳಗಿನ ಕಲ್ಲಿನ ಮೇಲೆ ಕೂತಳು. "ಖರೇ ಮಾತು ಬೇಕಾಗ್ಯಾದ್ರಿ. ಇವತ್ತ ಸಂಜಿಗೆ ವಸ್ತಿ ಮಂದಿ ಎಲ್ಲಾ ಬೇವಿನ ಗಿಡದ ಬುಡಕ ಕೂಡ್ರಿ. ನೆಲದ ಮ್ಯಾಲ ರಂಗೋಲಿಲೆ ವಸ್ತಿ ಬರಿಯೂಣು. ಯಾವ ಮನಿ ಮುಂದ ಅದ, ಯಾವ ಮನಿ ಹಿಂದ ಉಳದದ ಅಂತ ನೀವs ಹೇಳ್ರಿ. ಎಲ್ಲಾರಕಿಂತ ಹಿಂದ ಉಳದ ಮನಿಗೆ ನಮ್ಮ ಗಟ ಮತ್ತ ಒಂದು ಸಂಸ್ಥಾ ಕೂಡಿ ಮದತ್ ಮಾಡ್ತದ. ಕುರಿನೋ ಆಡೋ ಕೊಡ್ತಾರ. ಅವು ಮರಿ ಹಾಕೂತನಾ ಮನಿಗೆ ಕಾಳುಕಡಿ. ಎರಡು ವರ್ಷ ವಾರವಾರ ನಾ ಬಂದು ಕುರಿನೂ ನೋಡ್ತೀನಿ, ಮನಿನೂ ನೋಡ್ತೀನಿ. ಅಷ್ಟರಾಗ ಆ ಮನಿ ತನ್ನ ಕಾಲ ಮ್ಯಾಲ ನಿಲ್ತದ."

"ಇದು ಯಾವ ಸಾಹೇಬನ ತಲಿ?"

"ಬಾಂಗ್ಲಾದೇಶದಾಗ ಶುರು ಆಗಿದ್ದು ಅಜ್ಜಾ. ಈಗ ಎಷ್ಟೋ ದೇಶದಾಗ ಮಾಡಾಕತ್ತಾರ. ಕಡು ಬಡತನ ತಗೀಬೇಕು ಅಂತ ಜಗತ್ತಿನ ದೇಶಗೋಳೆಲ್ಲ ಕೂಡಿ ಮಾತು ಕೊಟ್ಟಾವ. ಎರಡು ಸಾವಿರದ ಮೂವತ್ತರೊಳಗ ಅಂತ."

"ಜಗತ್ತಿಗೆ ನಮ್ಮ ವಸ್ತಿ ದಾರಿ ಗೊತ್ತದೇನು? ಸರಕಾರದ ಎಸ್ಟಿ ಬಸ್ಸಿಗೇ ಗೊತ್ತಿಲ್ಲ."

"ಅದಕ ಕೇಳಾಕ ಬಂದೀನಿ. ನಾ ಹುಟ್ಟಿದಾಗ ಜಗತ್ತಿನ ಹತ್ತು ಮಂದ್ಯಾಗ ನಾಕು ಮಂದಿ ಕಡು ಬಡವರು. ಈಗ ಹತ್ತರಾಗ ಒಬ್ಬರು. ಕಡಿಮಿ ಆಗ್ಯಾದ. ಆದ್ರ ಆ ಉಳದ ಒಬ್ಬರದಾರಲ್ಲ, ಅವರನ್ನ ಮುಟ್ಟೂದs ಕಷ್ಟ. ಈಚೀಗಿ ಅಂತೂ ಭಾಳ ಸಾವಕಾಶ ನಡದದ. ಯಾಕಂದ್ರ ಅವರು ಕಾಣೂದಿಲ್ಲ. ಕೇಳಿದ್ರ ಹೇಳೂದಿಲ್ಲ."

ಒಳಗಿನ ಸಪ್ಪಳ ಅಷ್ಟೊತ್ತಿಗೆ ನಿಂತಿತ್ತು. ಗುರುಬಾಯಿ ಹೊರಗೆ ಬಂದು, "ಚಹಾ ಮಾಡಲೇನ್ರಿ ಅಕ್ಕಾ?" ಎಂದಳು.

ಸುವರ್ಣಾ ಅವಳ ಮುಖವನ್ನೊಮ್ಮೆ ನೋಡಿದಳು. "ಬ್ಯಾಡವ್ವಾ. ಚಹಾ ಕುಡದು ಕುಡದು ನನ್ನ ಹೊಟ್ಟಿ ಉರಿಯಾಕತ್ತದ."

ಚಹಾಪುಡಿಯೂ ಇರಲಿಲ್ಲ. ಅಜ್ಜನಿಗೆ ಆ ಬ್ಯಾಡ ಎಂಬ ಮಾತಿನಿಂದ ಎಷ್ಟು ನಿರಾಳವಾಯಿತೆಂದರೆ, ಅದಕ್ಕೇ ಅವನಿಗೆ ಸಿಟ್ಟು ಬಂತು.

"ಬರ್ತೀನಿ ಸಂಜಿಗೆ," ಎಂದ. "ಬಡವರು ಯಾರದಾರ ನಮ್ಮಲ್ಲಿ, ನೋಡೇ ಬಿಡೂಣು."

*

ಬೇವಿನ ಗಿಡದ ಬುಡದಲ್ಲಿ ಸಗಣಿ ಸಾರಿಸಿದ್ದರು. ಸಪ್ನಾಳ ಕೈ ನೇರ, ಅವಳೇ ರಂಗೋಲಿ ಬಿಟ್ಟಳು. ಗುಡಿ, ಬೋರಿನ ಪಂಪು, ಮಾಳದ ಕಡೆಯ ದಾರಿ, ಬೋರಾಮಣಿಯ ಕಡೆಯ ದಾರಿ. ಬೋರಾಮಣಿಯ ದಾರಿಯನ್ನು ಅವಳು ಬೇಕಾದ್ದಕ್ಕಿಂತ ಉದ್ದ ಎಳೆದಳು. ಪುಡಿ ತೀರುವವರೆಗೂ ಎಳೆದು, ಕೈ ಕೊಡವಿ, ತಾಯಿಯ ಪಕ್ಕ ಹೋಗಿ ಕೂತಳು.

ಮನೆಗೊಂದು ಹರಳು. ಎಲ್ಲರೂ ತಮ್ಮ ತಮ್ಮ ಮನೆಯ ಜಾಗದಲ್ಲಿ ಹರಳಿಟ್ಟರು. ಅಮೋಗಸಿದ್ಧ ಗುಡಿಯ ಹಿತ್ತಲಿನಿಂದ ಬೆಳ್ಳನೆಯ ಹರಳು ಆರಿಸಿ ತಂದಿದ್ದ. ಸುವರ್ಣಾ ಮಗ್ಗುಲಲ್ಲಿ ಬಳೆಯ ಹಾಗೆ ಮೂರು ಗುಂಡು ಗೀಚಿದಳು. ಒಂದು ತುಂಬಿದ ಮನೆಗಳಿಗೆ, ಒಂದು ನಡುವಿನವಕ್ಕೆ, ಒಂದು ಹಿಂದುಳಿದವಕ್ಕೆ.

"ಬಡತನ ಅಂದ್ರ ಏನು, ಮೊದಲ ಅದನ್ನ ಹೇಳ್ರಿ," ಎಂದಳು. "ಪುಸ್ತಕದಾಗಿಂದು ಬ್ಯಾಡ. ನಿಮಗ ಕಂಡದ್ದು."

"ನನ್ನ ಹೆಣ್ತಿ ಮಾಡಿದ ಪಲ್ಯಾ ತಿನ್ನೂದು," ಎಂದ ನಿಂಗಣ್ಣ. ಅವನದು ಅಜ್ಜನ ಪಕ್ಕದ ಮನೆ, ಬಾಯಿ ಸುಮ್ಮನಿರದ ಆಸಾಮಿ.

"ತಿಂದು ತಿಂದು ಹೊಟ್ಟಿ ಕಾಳು ತುಂಬೂ ಹಗೇವು ಆಗ್ಯಾದ, ನೋಡ್ರಿ ಬಡವನ್ನ," ಎಂದಳು ಅವನ ಹೆಂಡತಿ ರೂಪಾಲಿ. ನಗು ಮುಗಿದ ಮೇಲೆ ಅವಳೇ ನಿಧಾನವಾಗಿ ಹೇಳಿದಳು. "ದಿನಕ್ಕ ಒಮ್ಮೆ ಒಲಿ ಹೊತ್ತೂದು ಅಕ್ಕಾ. ಅದು ಬಡತನ."

"ಹುಡುಗೂರ ಸಾಲಿ ಬಿಡಸೂದು," ಎಂದರು ಯಾರೋ.

"ಬ್ಯಾನಿ ಬಂದ್ರ ದವಾಖಾನಿಗೆ ಹೋಗದ ಗ್ವಾಡಿ ಕಡಿ ಮಾರಿ ಮಾಡಿ ಮಲಗೂದು."

"ಹಟ್ಟ್ಯಾಗ ಒಂದೂ ಕುರಿ ಇಲ್ಲದಾಂಗ ಆಗೂದು."

ಪ್ರತಿ ಮಾತೂ ಅಜ್ಜನ ಮನೆಯ ಬಾಗಿಲು ತಟ್ಟಿ ಬಂದ ಹಾಗಿತ್ತು. ಅವನು ಕಂಬಳಿಯನ್ನು ಹೆಗಲ ಮೇಲೆ ಸರಿಯಾಗಿ ಹೊದ್ದುಕೊಂಡ.

ಹರಳುಗಳು ಒಂದೊಂದಾಗಿ ಎದ್ದು ಗುಂಡುಗಳೊಳಗೆ ಹೋದವು. ಜಗಳವೂ ಆಯಿತು. ನಡುವಿನ ಗುಂಡಿಗೆ ಹಾಕಿದ್ದಕ್ಕೆ ಒಬ್ಬ ಮುನಿಸಿಕೊಂಡ, ತುಂಬಿದ ಗುಂಡಿಗೆ ಹಾಕಿದ್ದಕ್ಕೆ ಇನ್ನೊಬ್ಬ. ಕಡೆಗೆ ಬೆಳ್ಳನೆಯ ಹರಳೊಂದು ಉಳಿಯಿತು. ಯಾರೂ ಅದಕ್ಕೆ ಕೈ ಚಾಚಲಿಲ್ಲ.

ನಿಂಗಣ್ಣ ಎದ್ದ. ಹರಳನ್ನು ಎತ್ತಿ ಕಣ್ಣಿಗೊತ್ತಿಕೊಂಡು, ತುಂಬಿದ ಮನೆಗಳ ಗುಂಡಿನಲ್ಲಿಟ್ಟ. "ಪೂಜಾರಿ ಅಜ್ಜಂದು ಮ್ಯಾಲs ಇರಬೇಕು," ಎಂದ.

"ಬೀರಪ್ಪ ಕೊಟ್ಟದ್ದು ಅದ," ಎಂದ ಅಜ್ಜ.

ಎಲ್ಲರೂ ಹೌದು ಹೌದು ಎಂದರು. ತುಸು ಬೇಗನೆ ಎಂದರು. ಗುರುಬಾಯಿ ಸೆರಗು ಸರಿಪಡಿಸಿಕೊಂಡು ಮೆಲ್ಲಗೆ ಎದ್ದು ಮನೆಯ ಕಡೆ ನಡೆದಳು. ಸಂಜೆಯ ಒಲೆಯ ಹೊತ್ತಾಗಿತ್ತು.

ಹಿಂದುಳಿದವರ ಗುಂಡಿನಲ್ಲಿ ಒಂದೂ ಹರಳಿರಲಿಲ್ಲ. ಸುವರ್ಣಾ ಅದನ್ನೇ ನೋಡುತ್ತ ಕೂತಳು. ಆಮೇಲೆ ಕೇಳಿದಳು. "ಅಜ್ಜಾ, ನೀವು ಕುರಿ ಎಣಸಂಗಿಲ್ಲ ಅಂತಾರ. ಹೌದಾ?"

"ಎಣಸಬಾರದು. ದೃಷ್ಟಿ ಆಗ್ತದ."

"ಮತ್ತ ಸಂಜಿಗೆ ಹಟ್ಟಿಗೆ ಎಲ್ಲಾ ಬಂದಾವ ಅಂತ ಹ್ಯಾಂಗ ತಿಳೀತದ?"

ಇದು ಅಜ್ಜನ ಸೀಮೆಯ ಮಾತು. ಅವನ ದನಿ ತಾನಾಗಿ ಗಟ್ಟಿಯಾಯಿತು. "ಮುಂದಿನ ಕುರಿ ನೋಡಬಾರದವ್ವಾ. ಮುಂದಿಂದು ಕುರುಬ ಇದ್ರೂ ಮನಿಗೆ ಬರ್ತದ, ಇಲ್ಲದಿದ್ರೂ ಬರ್ತದ. ಕುರುಬ ನಡಿಯೂದು ಹಿಂದ. ಕುಂಟು ಯಾವುದು, ಈಯೂದು ಯಾವುದು, ನಿನ್ನೆ ಹುಟ್ಟಿದ ಮರಿ ಯಾವುದು, ಅದರ ಮ್ಯಾಲ ಕಣ್ಣು. ಹಿಂದಿಂದು ಒಳಗ ಬಂತು ಅಂದ್ರ ಹಟ್ಟಿ ತುಂಬತು ಅಂತ ತಿಳೀಬೇಕು."

"ಹಿಂದಿಂದು ತಾನಾಗಿ ಕೂಗತದೇನು, ನಾ ಇಲ್ಲಿ ಉಳದೀನಿ ಅಂತ?"

"ಕೂಗಂಗಿಲ್ಲ. ಮುಳ್ಳುಕಂಟಿ ಸಂದ್ಯಾಗ ಸುಮ್ಮನ ನಿಲ್ತದ. ದಣದಿರ್ತದ. ನಾವs ಹೋಗಿ..."

ಅವನ ಮಾತು ಅಲ್ಲಿಗೆ ನಿಂತಿತು. ಯಾಕೆಂದರೆ ಮನೆಯಿಂದ ಸಪ್ಪಳ ಶುರುವಾಗಿತ್ತು.

ತಪ್ ತಪ್. ತಪ್ ತಪ್.

ಗಾಳಿ ಬಿದ್ದಿತ್ತು. ಇಡೀ ವಸ್ತಿ ಗಿಡದ ಕೆಳಗಿತ್ತು, ಆದ್ದರಿಂದ ಬೇರೆ ಯಾವ ಮನೆಯಲ್ಲೂ ಸದ್ದಿರಲಿಲ್ಲ. ಬರಿಯ ತಗಡಿನ ಮೇಲೆ ಒದ್ದೆ ಅಂಗೈ. ಅಷ್ಟೇ ಕೇಳುತ್ತಿತ್ತು. ನಿಂತಿತು, ಹಂಚಿಗೆ ಹಾಕಿದ ಹಾಗೆ. ಮತ್ತೆ ಶುರುವಾಯಿತು.

ಅಜ್ಜ ಮಂದಿಯ ಕಡೆ ನೋಡಿದ. ರೂಪಾಲಿ ತಲೆ ತಗ್ಗಿಸಿದ್ದಳು. ಅವಳ ಪಕ್ಕದವಳೂ. ಅದರಾಚೆಯವಳೂ. ರೊಟ್ಟಿ ಬಡಿಯುವ ಅಷ್ಟೂ ಹೆಂಗಸರು ನೆಲ ನೋಡುತ್ತಿದ್ದರು. ಯಾವಾಗಲೂ ಏನಾದರೂ ಅನ್ನುವ ನಿಂಗಣ್ಣ ಕಾಲಿನ ಹೆಬ್ಬೆರಳಿನಿಂದ ಮಣ್ಣು ಕೆದಕುತ್ತಿದ್ದ.

ಇವರಿಗೆಲ್ಲ ಗೊತ್ತಿತ್ತು.

"ರೂಪಾಲಿ," ಎಂದ ಅಜ್ಜ. "ಯಾವಾಗಿಂದ ಕೇಳಾಕತ್ತಿ ಇದನ್ನ?"

ಅವಳು ತಲೆ ಎತ್ತಲಿಲ್ಲ. "ದೀಪಾವಳಿ ಮುಂಚಿಂದ್ರಿ ಅಜ್ಜಾ."

"ಯಾಕ ಹೇಳಲಿಲ್ಲ?"

"ಹ್ಯಾಂಗ ಹೇಳೂದ್ರಿ? ನೀವು ನಮ್ಮ ಹಣಿಗೆ ಭಂಡಾರ ಹಚ್ಚವರು. ಹಿಟ್ಟು ತಂದು ಕೊಟ್ರ ನಿಮಗ ಅವಮಾನ ಆದೀತು ಅಂತ ಸುಮ್ಮನ ಕೂತ್ವಿ."

ಅಮೋಗಸಿದ್ಧನಿಗೆ ಮಾಳ, ಗುಡಿ, ಗಿಡ ಎಲ್ಲವೂ ಒಂದು ಕ್ಷಣ ದೂರ ಸರಿದ ಹಾಗಾಯಿತು. ಅವನು ಮುಚ್ಚಿದ. ಅವರು ಮುಚ್ಚಿದ್ದನ್ನು ಮುಚ್ಚಿದರು. ಎರಡು ಮರ್ಯಾದೆಗಳ ನಡುವೆ ಗುರುಬಾಯಿ ದಿನಾ ಬರಿಯ ತಗಡು ಬಡಿದಳು. ಎದುರಿಗೆ ಸಪ್ನಾ ಕೂತಿದ್ದಳು. ಅವಳ ಬೆರಳುಗಳಲ್ಲಿ ಇನ್ನೂ ರಂಗೋಲಿ ಪುಡಿ. ಅವಳು ನೋಡುತ್ತಿದ್ದುದು ಅಜ್ಜನನ್ನಲ್ಲ, ತಾನೇ ಎಳೆದ ಬೋರಾಮಣಿಯ ದಾರಿಯನ್ನು.

ಅಜ್ಜ ಮೊಣಕಾಲಿಗೆ ಕೈ ಕೊಟ್ಟು ಎದ್ದ. ತುಂಬಿದ ಮನೆಗಳ ಗುಂಡಿನಿಂದ ಬೆಳ್ಳನೆಯ ಹರಳು ಎತ್ತಿಕೊಂಡ. ನಾಲ್ಕು ಹೆಜ್ಜೆಯೂ ಇರಲಿಲ್ಲ ಆ ದೂರ. ಹುಲ್ಲಿಗೆಂದು ಕುರಿ ಹೊಡೆದುಕೊಂಡು ಅವನು ನಡೆದ ಯಾವ ದಾರಿಯೂ ಅಷ್ಟು ಉದ್ದವಿರಲಿಲ್ಲ.

"ಇದು ನನ್ನ ಮನಿ," ಎಂದು ಖಾಲಿ ಗುಂಡಿನಲ್ಲಿ ಹರಳಿಟ್ಟ. "ಮತ್ತ ಕೇಳ್ರಿ. ಸಪ್ನಾ ಸೋಲಾಪುರಕ್ಕ ಸಾಲಿಗೆ ಹೊಂಟಿಲ್ಲ. ಮಂದಿ ಕೂಸು ಆಡಸಾಕ ಹೊಂಟಿದ್ಳು. ನಾ ಸುಳ್ಳು ಹೇಳಿದ್ದೆ."

ಹೇಳಿ ನಿಂತುಬಿಟ್ಟ. ಈಗ ಯಾರು ತನ್ನ ಮುಂದೆ ಬಾಗುತ್ತಾರೆ? ಹಿಟ್ಟಿಲ್ಲದ ಮನೆಯ ಪೂಜಾರಿಯ ಕೈಯಿಂದ ಯಾರು ಭಂಡಾರ ಹಚ್ಚಿಸಿಕೊಳ್ಳುತ್ತಾರೆ? ಇಷ್ಟು ತಿಂಗಳು ಹಸಿವಿಗಿಂತ ಹೆಚ್ಚು ಅವನನ್ನು ತಿಂದಿದ್ದು ಇದೇ ಭಯ.

ನಿಂಗಣ್ಣ ಮಣ್ಣು ಕೆದಕುವುದನ್ನು ಬಿಟ್ಟು ಎದ್ದು ಬಂದ. ಅಜ್ಜನ ಮುಂದೆ ನಿಂತು, ತಲೆಯ ಟೋಪಿ ತೆಗೆದು ಬಾಗಿದ.

"ಭಂಡಾರ ಹಚ್ರಿ ಅಜ್ಜಾ. ಬೆಳಿಗ್ಗೆ ತಪ್ಪಿತ್ತು."

ಅಜ್ಜ ಅವಸರದಲ್ಲಿ ಚೀಲದಿಂದ ಭಂಡಾರ ತೆಗೆದು ಹಚ್ಚಿದ. ಅರಿಶಿಣ ನಿಂಗಣ್ಣನ ಹಣೆಯ ಮೇಲೆ ಬಿದ್ದದ್ದು ಸ್ವಲ್ಪ, ಮೂಗಿನ ಮೇಲೆ ಬಿದ್ದದ್ದು ಬಹಳ. ಅವನು ಸೀನಿದ. ಮಂದಿ ನಕ್ಕರು. ನಗುವ ನಡುವೆಯೇ ಇನ್ನೊಬ್ಬ ಬಂದು ಬಾಗಿದ, ಅವನ ಹಿಂದೆ ಮತ್ತೊಬ್ಬಳು.

ರೂಪಾಲಿ ಅಷ್ಟೊತ್ತಿಗೆ ಅಲ್ಲಿರಲಿಲ್ಲ. ಸೆರಗಿನ ಕೆಳಗೆ ಜೋಳದ ಹಿಟ್ಟಿನ ಬುಟ್ಟಿ ಹಿಡಿದು ಗುರುಬಾಯಿಯ ಬಾಗಿಲಲ್ಲಿ ನಿಂತಿದ್ದಳು.

"ಸಾಕು ಬಿಡ್ರಿ ವೈನಿ," ಎನ್ನುತ್ತಿದ್ದಳು. "ಪರಾತಕ್ಕ ತೂತ ಬಿದ್ದೀತು."

*

ಸೋಮವಾರ ಪಾರ್ವತಿಬಾಯಿ ಬಂದಳು. ಬಂದವಳಿಗೆ ಅಜ್ಜ ನೀರು ಕೊಟ್ಟು, "ಕೂಸಿಗೆ ಬ್ಯಾರೆ ಯಾರನ್ನರೆ ನೋಡ್ರಿ ಬೀಗತೀ. ನಮ್ಮ ಹುಡುಗಿ ಸಾಲಿಗೆ ಹೋಗ್ತಾಳ," ಎಂದ. ಅವಳು ಗೊಣಗಿದಳು. ಬಂದ ಬಿಸಿಲು ದಂಡವಾಯಿತು ಎಂದಳು. ರೂಪಾಲಿಯ ಹಿಟ್ಟಿನ ರೊಟ್ಟಿ ತಿಂದು, ಹೋಗುವಾಗ ಸಪ್ನಾಳ ತಲೆ ಸವರಿ, "ಚಲೋ ಕಲಿ," ಎಂದಳು.

ಗಟ ಮದತ್ತಿಗೆ ಅಜ್ಜನ ಮನೆಯನ್ನೇ ಆರಿಸಿತು, ಆದರೂ ಅವನ ಸಂದೇಹ ಒಂದೇ ದಿನಕ್ಕೆ ಹೋಗಲಿಲ್ಲ. ಪುಕ್ಕಟೆ ಬಂದದ್ದು ನಿಲ್ಲುವುದಿಲ್ಲ ಎನ್ನುತ್ತಿದ್ದ.

"ಪುಕ್ಕಟ ಎಲ್ಲದ?" ಎಂದಳು ಸುವರ್ಣಾ. "ಮೈ ಬಗ್ಗಿಸಿ ನೀವs ಸಾಕಬೇಕು. ಗುರುಬಾಯಿ ಗಟಕ್ಕ ಬರಬೇಕು, ವಾರಕ್ಕೊಮ್ಮೆ ತನ್ನ ಪಾಲಿನ ಉಳಿತಾಯ ಹಾಕಬೇಕು. ಎರಡು ವರ್ಷ ಆದ ಮ್ಯಾಲ ನಾ ಬರೂದು ಬಿಡ್ತೀನಿ. ಆಗ ನಡೀಬೇಕಾದವರು ನೀವು."

ಕುರಿ ಆರಿಸಲು ಅಜ್ಜನೇ ಸಂತೆಗೆ ಹೋದ. ಹಲ್ಲು ನೋಡಿ, ಕಾಲು ನೋಡಿ, ಮಾರುವವನ ಮೀಸೆಯ ಮೇಲೂ ಒಂದು ಮಾತಾಡಿ, ಈಯುವ ಕುರಿಗಳನ್ನೇ ತಂದ. ನೀಲಿ ನಾಲಿಗೆಗೆ ಲಸಿಕೆ ಹಾಕಿಸಬೇಕೆಂದಾಗ ಮುಖ ಗಂಟು ಹಾಕಿದ.

"ಬೀರಪ್ಪನ ಭಂಡಾರ ಸಾಲಂಗಿಲ್ಲೇನು?"

"ಭಂಡಾರನೂ ಹಚ್ರಿ, ಸೂಜಿನೂ ಹಾಕಸ್ರಿ," ಎಂದಳು ಒಳಗಿನಿಂದ ಗುರುಬಾಯಿ. "ಬೀರಪ್ಪಗ ಸೂಜಿ ಕಂಡ್ರ ಅಂಜಿಕಿ ಇಲ್ರಿ ಮಾವಾ. ಅಂಜಿಕಿ ನಿಮಗದ."

ಸೂಜಿ ಬಿತ್ತು. ಮಳೆಗಾಲ ಬಂತು. ಒಂದು ಮರಿ ಹೊಟ್ಟೆ ಉಬ್ಬಿ ಸತ್ತಿತು, ಗುರುಬಾಯಿ ಎರಡು ದಿನ ಊಟ ಬಿಟ್ಟಳು. ಉಳಿದವು ನಿಂತವು. ವರ್ಷ ತಿರುಗುವಷ್ಟರಲ್ಲಿ ಹಟ್ಟಿಯಲ್ಲಿ ಮರಿಗಳ ಗದ್ದಲ. ಧನರಾಜ ಲಾತೂರಿನ ಕಡೆಯಿಂದ ಹಿಂದಿರುಗಿ ತನ್ನದೇ ಕುರಿಗಳ ಹಿಂದೆ ಹೊರಟ. ಸಪ್ನಾ ಬೋರಾಮಣಿಯ ಹೈಸ್ಕೂಲಿಗೆ ಹೋಗುತ್ತಾಳೆ. ಆ ದಾರಿ ಅವಳು ಗಿಡದ ಬುಡದಲ್ಲಿ ಬರೆದಷ್ಟೇ ಉದ್ದವಿದೆ.

ಮೊನ್ನೆ ಸುವರ್ಣಾ ಬಂದವಳು, "ಎಷ್ಟಾದ್ವು ಅಜ್ಜಾ?" ಎಂದು ಕೇಳಿ ನಾಲಿಗೆ ಕಚ್ಚಿಕೊಂಡಳು.

"ಎಣಸಬ್ಯಾಡ," ಎಂದ ಅಜ್ಜ. "ಹಿಂದಿಂದು ತೋರಸ್ತೀನಿ, ಬಾ." ಹಟ್ಟಿಯ ಬಾಗಿಲಲ್ಲಿ, ಕಾಲು ಇನ್ನೂ ನೆಟ್ಟಗೆ ನಿಲ್ಲದ ಒಂದು ಮರಿ ತಾಯಿಯನ್ನು ಹುಡುಕಿಕೊಂಡು ಒಳಗೆ ಬರುತ್ತಿತ್ತು.

ಮನೆಯಿಂದ ಸಪ್ಪಳ ಕೇಳಿಸಿತು. ಇಬ್ಬರೂ ನಿಂತು ಕೇಳಿದರು. ಅದು ಮೆತ್ತಗಿತ್ತು.

*

ಇದನ್ನು ಓದುವ ಅಕ್ಕ ಅಣ್ಣಂದಿರೇ, ಗಟದಲ್ಲಿ ಕೂತು ಕೇಳುವ ತಾಯಂದಿರೇ, ಒಂದು ಮಾತು.

ಕಡು ಬಡತನವನ್ನು ಕೊನೆಗಾಣಿಸುತ್ತೇವೆ ಎಂದು ಜಗತ್ತಿನ ದೇಶಗಳು ಮಾತು ಕೊಟ್ಟಿವೆ. ಆ ಮಾತು ಅರ್ಧ ದಾರಿ ನಡೆದು ಬಂದಿದೆ. ಉಳಿದ ದಾರಿ ದೇಶದೇಶಗಳ ನಡುವೆ ಇಲ್ಲ, ನಿಮ್ಮ ಮನೆಯ ಮತ್ತು ಪಕ್ಕದ ಮನೆಯ ನಡುವೆ ಇದೆ. ಹಿಂದುಳಿದ ಕೊನೆಯ ಮನೆ ಯಾವ ದೊಡ್ಡ ಕಚೇರಿಗೂ ಕಾಣುವುದಿಲ್ಲ. ನಿಮಗೆ ಕೇಳಿಸುತ್ತದೆ.

ನಿಮ್ಮ ಊರಿನಲ್ಲಿ ಗ್ರಾಮಸಭೆಯೋ ಬಚತ್ ಗಟದ ಬೈಠಕ್ಕೋ ಕೂಡಿ, ಯಾರು ಹಿಂದುಳಿದಿದ್ದಾರೆ ಎಂದು ಕೇಳಿದ ದಿನ, ಹೋಗಿ. ಉಳಿದದ್ದು ನಿಮ್ಮ ಮನೆಯಾದರೆ ಹೇಳಿ. ಹಸಿದಿದ್ದೇವೆಂದು ಹೇಳಿದ್ದಕ್ಕೆ ಯಾರ ಕೈಯೂ ಕೆಳಗಾಗಿಲ್ಲ. ಉಳಿದದ್ದು ಪಕ್ಕದ ಮನೆಯಾದರೆ, ಅವರ ಮರ್ಯಾದೆ ಕಾಯುತ್ತೇನೆಂದು ಬಾಯಿ ಮುಚ್ಚಿಕೊಂಡು ಕೂರಬೇಡಿ. ಮೊದಲು ಒಂದು ಬುಟ್ಟಿ ಹಿಟ್ಟು ಹಿಡಿದು ಅವರ ಬಾಗಿಲಿಗೆ ಹೋಗಿ, ಆಮೇಲೆ ಅವರ ಜೊತೆಗೇ ಸಭೆಗೆ ಬನ್ನಿ.

ಇವತ್ತು ಸಂಜೆ ರೊಟ್ಟಿ ಬಡಿಯುವಾಗ ಕೈ ತುಸು ನಿಲ್ಲಿಸಿ, ಪಕ್ಕದ ಮನೆಯ ಸಪ್ಪಳಕ್ಕೆ ಕಿವಿ ಕೊಡಿ.